ಗಲ್ಲಾದ ಕಂಪ್ಯೂಟರ್ ಕನ್ನಡದಲ್ಲಿ ಕಣ್ಣು ಬಿಟ್ಟಾಗ

"ಅಯ್ಯೋ, ಇದ್ರಲ್ಲಿ ಕನ್ನಡ ಉಂಟಲ್ಲ ಮಾರಾಯ್ತಿ!"

ವಡೋದರದ ಅಲ್ಕಾಪುರಿಯಲ್ಲಿ ಉಡುಪಿ ಹೋಟೆಲು ನಡೆಸುವ ಶಾರದಕ್ಕ ಗಲ್ಲಾದ ಕುರ್ಚಿಯಿಂದ ಎದ್ದೇ ನಿಂತರು. ಊಟದ ಗದ್ದಲ ಮುಗಿದ ಮಧ್ಯಾಹ್ನ. ಫ್ಯಾನಿನ ಸದ್ದಿಗೆ ಎಲ್ಲರಿಗೂ ಜೋಂಪು. ಕೆಟ್ಟಿದ್ದ ಅವರ ಬಿಲ್ಲಿಂಗ್ ಕಂಪ್ಯೂಟರಿಗೆ ನಾನು ಹೊಸದಾಗಿ ಆಪರೇಟಿಂಗ್ ಸಿಸ್ಟಮ್ ಹಾಕಿದ್ದೆ.

ಮಕರಪುರದ ಕಾರ್ಖಾನೆಯೊಂದರಲ್ಲಿ ಕಂಪ್ಯೂಟರು ನೋಡಿಕೊಳ್ಳುವುದು ನನ್ನ ಕೆಲಸ; ಅಲ್ಲಿನ ಕಂಪ್ಯೂಟರುಗಳಿಗೆ ಇಂಟರ್ನೆಟ್ ಇಲ್ಲ. ಅದಕ್ಕೇ ಅಪ್‌ಡೇಟ್‌ಗಳನ್ನೆಲ್ಲ ಮೊದಲೇ ಸೇರಿಸಿ, ಆಪರೇಟಿಂಗ್ ಸಿಸ್ಟಮ್ ಹಾಕುವ ಇನ್‌ಸ್ಟಾಲರ್ ನಾನೇ ತಯಾರಿಸಿ ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಳ್ಳುತ್ತೇನೆ. ಅವತ್ತು ಅವಸರದಲ್ಲಿ ತಂದದ್ದು ಮಾತ್ರ, ನನ್ನ ಸ್ವಂತ ಲ್ಯಾಪ್‌ಟಾಪಿಗೆಂದು ಕನ್ನಡ ಸೇರಿಸಿ ಮಾಡಿದ್ದ ಪೆನ್‌ಡ್ರೈವ್.

"ತಪ್ಪಾಯ್ತು ಅಕ್ಕ, ಈಗ್ಲೇ ಬದಲಾಯಿಸ್ತೀನಿ. ನಿಮ್ಮ ಗುಜರಾತಿ ಕ್ಯಾಷಿಯರ್‌ಗೆ ಕನ್ನಡ ಬರಲ್ವಲ್ಲ" ಎಂದೆ.

"ಸ್ವಲ್ಪ ಇರ್ಲಿ" ಎಂದು ಶಾರದಕ್ಕ ನನ್ನ ಕೈ ಹಿಡಿದರು. ಪರದೆಯ ಮೇಲೆ ಬೆರಳಿಟ್ಟು, ಆಗಷ್ಟೇ ಓದು ಕಲಿತ ಮಗು ಬಸ್ಸಿನ ಬೋರ್ಡು ಓದುವಂತೆ ಒಂದೊಂದೇ ಪದ ಓದತೊಡಗಿದರು. 'ಹುಡುಕಿ' ಎಂದಿದ್ದ ಕಡೆ ಬೆರಳು ನಿಂತಿತು.

"ಎಂತ ಹುಡುಕುವುದು?"

ಕೇಳಿದ್ದು ಪರದೆಯನ್ನು, ನನ್ನನ್ನಲ್ಲ. ರಸ್ತೆಯ ಹಾರ್ನುಗಳು ಎಲ್ಲೋ ದೂರಕ್ಕೆ ಸರಿದಂತಾಯಿತು. ಊರು ಬಿಟ್ಟು ಬಂದ ನಾನೂ ಆ ಪದವನ್ನೇ ಮತ್ತೊಮ್ಮೆ ಓದಿದೆ.

ಸಂಜೆಯ ಗಿರಾಕಿಗಳು ಬರುವಷ್ಟರಲ್ಲಿ ಇಂಗ್ಲಿಷಿಗೆ ಬದಲಾಯಿಸಿದೆ. ಆದರೆ ಈಗ ಕಾರ್ಖಾನೆಯ ಇನ್‌ಸ್ಟಾಲರ್‌ಗೂ ಬೇಕೆಂದೇ ಕನ್ನಡ ಸೇರಿಸುತ್ತೇನೆ. ಪ್ರತಿ ಕಂಪ್ಯೂಟರೂ ಮೊದಲು ಕನ್ನಡದಲ್ಲೇ ಕಣ್ಣು ಬಿಡುತ್ತದೆ. ಪರದೆಯಲ್ಲಿರುವುದನ್ನೆಲ್ಲ ಒಮ್ಮೆ ಓದಿದ ಮೇಲಷ್ಟೇ ನಾನು ಭಾಷೆ ಬದಲಾಯಿಸುವುದು. 'ಹುಡುಕಿ' ಎಂಬಲ್ಲಿ ನನ್ನ ಬೆರಳೂ ನಿಲ್ಲುತ್ತದೆ.