ಬಿಟ್ಟುಕೊಟ್ಟ, ಬಿಟ್ಟುಹೋದ

ಶ್ರೀಕಂಠಯ್ಯ ಮೇಷ್ಟ್ರೇ, ನೀವು ರಬ್ಬಿಯವರ ಮೇಲೆ ಎಸೆದ ಪುಸ್ತಕದಲ್ಲಿ ನಿಮ್ಮನ್ನು ಇರಿದ ಆ ವಾಕ್ಯ ಅವರದಲ್ಲ. ನನ್ನದು. ಕೈತಪ್ಪಿ ಆದದ್ದಲ್ಲ — ಬೇಕೆಂದೇ, ಸೇಡಿಗಾಗಿ ಮಾಡಿದ್ದು. ಹದಿನಾಲ್ಕು ವರ್ಷ ಇದನ್ನು ನುಂಗಿಕೊಂಡು ನಿಮ್ಮ ಬೀದಿಯಲ್ಲೇ ಓಡಾಡಿದ್ದೇನೆ. ಎದುರಾದಾಗ ಕೈಮುಗಿದಿದ್ದೇನೆ. ನೀವೂ ಮುಗಿದಿದ್ದೀರಿ.

ನನ್ನ ಮುಖ ನಿಮಗೆ ಗೊತ್ತು, ಹೆಸರು ನೆನಪಿರಲಿಕ್ಕಿಲ್ಲ. ಇನ್ನಾಸಪ್ಪ. ಲಷ್ಕರ್ ಮೊಹಲ್ಲಾದ ಒಂದು ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುತ್ತಿದ್ದವನು. ಪಾದ್ರಿಗಳ ಶಾಲೆಯಲ್ಲಿ ಕಲಿತ ಇಂಗ್ಲಿಷ್ ಇತ್ತು, ಅಜ್ಜಿಯಿಂದ ಬಂದ ಕನ್ನಡ ಇತ್ತು. ಎರಡೂ ನನ್ನ ಕೈಯ ಸೀಸದ ಮಸಿಯ ಕೆಳಗೆ ಯಾರಿಗೂ ಕಾಣದೆ ಇದ್ದವು.

ಕಂಡದ್ದು ಅಚ್ಚಿನ ಮಾತಾಡಲು ಬಂದ ರಬ್ಬಿಯವರಿಗೆ. ಉಬ್ಬಸಕ್ಕೆ ಒಣಹವೆ ಒಳ್ಳೆಯದೆಂದು ಕೊಚ್ಚಿಯಿಂದ ಬಂದು, ಚಾಮರಾಜಪುರಂನಲ್ಲಿ ನಿಮ್ಮ ಪಕ್ಕದ ಮನೆಯಲ್ಲಿದ್ದ ಆ ಯೆಹೂದ್ಯ ಗುರುಗಳು ಇಂಗ್ಲಿಷಿನಲ್ಲಿ ಒಂದು ಪುಸ್ತಕ ಬರೆಯುತ್ತಿದ್ದರು. ತಮ್ಮ ಜನರ ಗುಪ್ತವಿದ್ಯೆ ಹಳೆಯ ಭಾಷೆಯಲ್ಲಿ, ನಾಲ್ಕಾರು ಪಂಡಿತರ ಬಾಯಲ್ಲಿ ಸಿಕ್ಕಿಕೊಂಡಿದೆ, ಕಾಲೇಜಿಗೆ ಹೋಗುವ ಹುಡುಗರಿಗೂ ಅಡುಗೆಮನೆಯ ಹೆಂಗಸರಿಗೂ ಅದು ಅರ್ಥವಾಗಬೇಕು — ಇದೇ ಅವರ ಹಟ. ಅದನ್ನು ಕನ್ನಡಕ್ಕೆ ತರಿಸಿ ಎಂದು ಹೇಳಿದವರು ನೀವೇ. ‘ನಮ್ಮ ಮನೆಯೋರೂ ಓದ್ಲಿ ಸ್ವಾಮಿ’ ಎಂದಿದ್ದಿರಂತೆ.

ಎಂಟು ತಿಂಗಳು, ಅಚ್ಚುಕೂಟದ ಕೆಲಸ ಮುಗಿಸಿ ನಾನು ಅವರ ಜಗಲಿಗೆ ಹೋಗುತ್ತಿದ್ದೆ. ಅವರಿಗೆ ಕನ್ನಡ ಮಾತು ಅಷ್ಟಿಷ್ಟು ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ಎಲ್ಲೆಲ್ಲೂ ತುಂಬಿದ್ದ ದೇವರು ಜಗತ್ತನ್ನು ಸೃಷ್ಟಿಸುವ ಮುಂಚೆ ತನ್ನನ್ನು ತಾನೇ ಕುಗ್ಗಿಸಿಕೊಂಡನೆಂಬ ಮಾತು ಬಂದಾಗ ನನಗೆ ಹತ್ತಲಿಲ್ಲ. ಅವರು ಮೂರು ಸಂಜೆ ವಿವರಿಸಿದರು. ಕೊನೆಗೆ ನಾನೇ ಅಂದೆ — ತುಂಬಿದ ಜಟಕಾದಲ್ಲಿ ಕೂತವರು ಮೈ ಹಿಡಿಮಾಡಿಕೊಂಡು ಇನ್ನೊಬ್ಬರನ್ನು ಹತ್ತಿಸಿಕೊಳ್ಳುವುದಿಲ್ಲವೇ, ಹಾಗೆಯೇ? ಅವರು ತೊಡೆ ತಟ್ಟಿ ನಕ್ಕರು. ‘ಅದೇ! ಅದನ್ನೇ ಬರಿ ಇನ್ನಾಸಪ್ಪ!’ ನಾನು ಬರೆದೆ: ‘ದೇವರು ನಮಗೆ ಜಾಗ ಬಿಟ್ಟುಕೊಟ್ಟ.’ ನನ್ನ ಜೀವನದಲ್ಲಿ ಅಂಥ ಸಂಜೆ ಮತ್ತೆ ಬರಲಿಲ್ಲ.

ಆಮೇಲೆ ಮುಖಪುಟದ ಕರಡು ನನ್ನ ಕೈಗೆ ಬಂತು. ಕನ್ನಡಕ್ಕೆ ತಂದವರು ಎಂಬಲ್ಲಿ ಅಚ್ಚುಕೂಟದ ಯಜಮಾನರ ಬಾಮೈದನ ಹೆಸರು, ಅದರ ಹಿಂದೆ ‘ಪಂಡಿತ’. ನಾನು ಯಜಮಾನರ ಮೇಜಿನ ಮುಂದೆ ನಿಂತೆ.

‘ರಬ್ಬಿಯೋರೇ ಒಪ್ಪವ್ರೆ ಕಣೋ,’ ಎಂದರು ಅವರು, ತಲೆ ಎತ್ತದೆ. ‘ಮೊಳೆ ಜೋಡಿಸೋನ ಹೆಸ್ರು ನೋಡಿ ಯಾರೋ ಪುಸ್ತಕ ಕೊಳ್ತಾರೆ? ಹೋಗು, ಕೆಲ್ಸ ನೋಡು.’

ಚಾಮರಾಜಪುರಂಗೆ ಅರ್ಧಗಂಟೆಯ ದಾರಿ. ಹೋಗಿ ಕೇಳಬಹುದಿತ್ತು. ಕೇಳಲಿಲ್ಲ. ಕೇಳದಿರುವುದೇ ನನಗೆ ಬೇಕಿತ್ತೇನೋ — ಸಿಟ್ಟು ಅಷ್ಟು ರುಚಿಯಾಗಿತ್ತು. ಅವರು ನಕ್ಕದ್ದು, ನನ್ನನ್ನು ಹೆಸರು ಹಿಡಿದು ಕರೆದದ್ದು, ಎಲ್ಲವೂ ಪುಕ್ಕಟೆ ದುಡಿಸಿಕೊಳ್ಳುವ ನಾಟಕವೆಂದುಕೊಂಡೆ. ಹೊಡೆದರೆ ಎಲ್ಲಿ ಹೊಡೆಯಬೇಕೆಂದು ಮೂರು ದಿನ ಯೋಚಿಸಿದೆ. ಅವರ ಪುಸ್ತಕದ ಪ್ರಾಣ ಎಲ್ಲಿದೆಯೆಂದು ನನ್ನಷ್ಟು ಚೆನ್ನಾಗಿ ಬಲ್ಲವರು ಯಾರಿದ್ದರು? ಕೊನೆಯ ಕರಡು ಒಪ್ಪಿಗೆಯಾಗಿ ಬಂದ ಮೇಲೆ, ಚಿಮಟದಲ್ಲಿ ಆ ಮೊಳೆಗಳನ್ನು ಕಿತ್ತು ಬೇರೆಯವನ್ನು ಕೂರಿಸಿದೆ. ಜಟಕಾದ ಹೋಲಿಕೆಯನ್ನೂ ತೆಗೆದೆ — ಅದು ನನ್ನದು, ಅವರಿಗೇಕೆ? ಉಳಿದದ್ದು ಇಷ್ಟೇ: ‘ದೇವರು ನಮ್ಮನ್ನು ಬಿಟ್ಟುಹೋದ.’

ಪುಸ್ತಕ ಹೊರಬಂದಾಗ ನಿಮ್ಮ ಮಗಳು ಸಾವಿತ್ರಿ ತೀರಿಕೊಂಡು ಇಪ್ಪತ್ತು ದಿನವಾಗಿತ್ತು. ಜ್ವರ. ಒಂಬತ್ತು ವರ್ಷದ ಮಗು. ನನಗೆ ಗೊತ್ತಿತ್ತು, ಮೇಷ್ಟ್ರೇ. ನಿಮ್ಮ ಮನೆಗೆ ಮೊದಲ ಪ್ರತಿ ಹೋಗುತ್ತದೆಂದೂ ಗೊತ್ತಿತ್ತು. ಆದರೆ ಆ ಎರಡನ್ನೂ ನನ್ನ ತಲೆ ಒಟ್ಟಿಗೆ — ಇಲ್ಲ, ಇದೂ ಸುಳ್ಳು. ಒಟ್ಟಿಗೇ ನೆನೆದೆ. ನೆನೆದೂ ತಡೆಯಲಿಲ್ಲ.

ನೀವು ಬಂದ ದಿನ ನಾನು ರಬ್ಬಿಯವರ ಜಗಲಿಯ ಮೂಲೆಯಲ್ಲಿ ನಿಂತಿದ್ದೆ, ಉಳಿದ ಪ್ರತಿಗಳ ಕಟ್ಟು ಇಳಿಸಲು ಬಂದವನು. ನೀವು ಮೆಟ್ಟಿಲು ಕೂಡ ಹತ್ತಲಿಲ್ಲ.

‘ನಮ್ಮನೆಯೋಳು ಗಟ್ಟಿಯಾಗಿ ಓದ್ತಾ ಇದ್ಲು ಕಣ್ರೀ, ಸಮಾಧಾನ ಸಿಗ್ಲಿ ಅಂತ! ಈ ಸಾಲಿಗೆ ಬಂದು ಬಾಯಿ ಕಟ್ಟೋಯ್ತು ಅವ್ಳಿಗೆ. ಮಗು ಸತ್ತ ಮನೆಗೆ ಇದನ್ನ ಕಳಿಸ್ತೀರಾ?’

ನೀವು ಎಸೆದ ಪುಸ್ತಕ ರಬ್ಬಿಯವರ ಎದೆಗೆ ಬಡಿದು ನೆಲಕ್ಕೆ ಬಿತ್ತು. ಅವರು ‘ಒಂದು ನಿಮಿಷ, ಮೇಷ್ಟ್ರೇ’ ಎನ್ನುವಷ್ಟರಲ್ಲಿ ನೀವು ಹೊರಟುಹೋಗಿದ್ದಿರಿ. ದೇವರ ಮಾತಿರುವ ಪುಸ್ತಕ ನೆಲಕ್ಕೆ ಬಿದ್ದರೆ ಎತ್ತಿ ಮುತ್ತಿಡುವುದು ಅವರ ಪದ್ಧತಿ. ಮುದುಕರು ಗೋಡೆ ಹಿಡಿದು ಬಗ್ಗಿದರು, ಎತ್ತಿದರು, ಮುತ್ತಿಟ್ಟರು. ನಾನು ನೋಡುತ್ತಿದ್ದೆ. ನನಗೆ ಖುಷಿಯಾಯಿತು. ಬಾಯಲ್ಲಿ ಬೆಲ್ಲ ಇಟ್ಟುಕೊಂಡ ಹಾಗೆ.

ನೀವು ಮೂಲೆ ಮಡಿಸಿ ಗೆರೆ ಎಳೆದಿದ್ದ ಪುಟವನ್ನು ಅವರು ತೆರೆದು ನನ್ನ ಮುಂದೆ ಹಿಡಿದರು. ‘ಓದಿ ಹೇಳು. ಇಲ್ಲಿ ಏನಿದೆ?’

ನಾನು ಓದಿದೆ: ‘ಬಿಟ್ಟುಕೊಟ್ಟ.’

ಅವರು ಪುಸ್ತಕ ಮುಚ್ಚಿದರು. ‘ಹಾಗಾದರೆ ನಿನ್ನ ಕನ್ನಡ ಸರಿಯಾಗಿದೆ. ತಪ್ಪು ನನ್ನದೇ. ದುಃಖದಲ್ಲಿರುವವರಿಗೆ ಹೇಳೋದು ನನಗೆ ಬರಲಿಲ್ಲ.’ ಆಮೇಲೆ, ನನಗೆ ಬೇಸರವಾಯಿತೆಂದುಕೊಂಡರೋ ಏನೋ, ಮುಖಪುಟ ತಿರುಗಿಸಿ ಆ ಪಂಡಿತನ ಹೆಸರಿನ ಮೇಲೆ ಬೆರಳಿಟ್ಟು ನಕ್ಕರು. ‘ಇದೇ ಅಲ್ವಾ ನಿನ್ನ ಹೆಸರು? ನನ್ನ ಹೆಸರಿಗಿಂತ ಒಂದು ಚೂರೂ ಚಿಕ್ಕದಿರಬಾರದು ಅಂತ ಯಜಮಾನರಿಗೆ ಹೇಳಿದ್ದೆ.’

ಭೂಮಿ ಬಾಯಿ ಬಿಡಲಿಲ್ಲ. ‘ಹೌದು ರಬ್ಬಿ,’ ಎಂದೆ.

ಎರಡನೆಯ ಭಾಗ ಅವರು ಬರೆಯಲಿಲ್ಲ. ಉಬ್ಬಸ ಹೆಚ್ಚಾಯಿತೆಂದು ಮಗಳು ಬಂದು ಕೊಚ್ಚಿಗೆ ಕರೆದೊಯ್ದಳು. ಮರುವರ್ಷ ಸಾವಿನ ಸುದ್ದಿ ಬಂತು. ಪ್ರತಿಗಳನ್ನು ಯಜಮಾನರು ರದ್ದಿಗೆ ಹಾಕಿದರು. ನಿಮ್ಮ ಮನೆಯವರು ಅಂದಿನಿಂದ ದೇವರ ದೀಪ ಹಚ್ಚಿಲ್ಲವೆಂದು ಬೀದಿಯವರು ಹೇಳುತ್ತಾರೆ. ಚರ್ಚಿನಲ್ಲಿ ಪಾಪನಿವೇದನೆಗೆ ಮಂಡಿಯೂರಿದಾಗಲೆಲ್ಲ ‘ಒಂದು ಸುಳ್ಳು ಹೇಳಿದೆ ಸ್ವಾಮಿ’ ಎಂದಷ್ಟೇ ಹೇಳಿ, ಸುಳ್ಳಿಗೆ ತಕ್ಕಷ್ಟು ಜಪ ಮಾಡಿ ಎದ್ದು ಬಂದಿದ್ದೇನೆ.

ಯಜಮಾನರ ಮೇಲಿನ ಹಗೆ ಇನ್ನೂ ಆರಿಲ್ಲ. ಆದರೆ ಅವರನ್ನು ಮುಟ್ಟುವ ಧೈರ್ಯ ನನಗೆ ಎಂದೂ ಬರಲಿಲ್ಲ — ಅನ್ನ ಅಲ್ಲಿತ್ತು. ತಿರುಗಿ ಹೊಡೆಯಲಾರದವರನ್ನೇ ಹುಡುಕಿ ಹೊಡೆದೆ: ಕನ್ನಡದ ಅಕ್ಷರ ಬಾರದ ಒಬ್ಬ ಮುದುಕರನ್ನು, ಮಗಳನ್ನು ಕಳೆದುಕೊಂಡ ಒಬ್ಬ ತಾಯಿಯನ್ನು.

ಭಾನುವಾರ ಚರ್ಚಿನ ಪೂಜೆ ಮುಗಿಸಿ ನಿಮ್ಮ ಮನೆಗೆ ಬರುತ್ತೇನೆ. ಬಾಗಿಲು ತೆರೆಯುವುದು, ಬಿಡುವುದು ನಿಮಗೆ ಸೇರಿದ್ದು. ರಬ್ಬಿಯವರ ಇಂಗ್ಲಿಷ್ ಹಸ್ತಪ್ರತಿ ನನ್ನಲ್ಲೇ ಉಳಿದಿದೆ. ಬಾಗಿಲು ತೆರೆಯದಿದ್ದರೂ ಅದನ್ನು ನಿಮ್ಮ ಹೊಸ್ತಿಲ ಮೇಲೆ ಇಟ್ಟು ಹೋಗುತ್ತೇನೆ. ಅವರ ಕೈಬರಹದಲ್ಲೇ ಓದಿ, ಮನೆಯವರಿಗೆ ನೀವೇ ಹೇಳಿ. ನನ್ನ ಕನ್ನಡವನ್ನು ನಂಬಬೇಡಿ.