ಸತ್ತ ರಾಜನ ಶಾಲಿನ ಮೇಲೆ ಕೂತವಳು

ಸೀರೆ ಅಂಗಡಿಯಲ್ಲಿ ಮಾಲು ನೋಡುವ ಕಣ್ಣಿನಿಂದ ಹೇಳುವುದಾದರೆ, ಮೊಳಕಾಲ್ಮುರಿನ ವನಜಾಕ್ಷಿಯ ಅಂಚು ಗಟ್ಟಿ, ಒಡಲು ಒರಟು. ಆಳು ಗಿಡ್ಡ, ಕಣ್ಣು ಚುರುಕು, ಮಾತು ದುಬಾರಿ. ಚೌಕಾಸಿಗೆ ಇಳಿದವರು ಬರಿಗೈಯಲ್ಲಿ ಹೋಗಬೇಕು. ವಾರವೆಲ್ಲ ಮಗ್ಗದಲ್ಲಿ ಕೂತು ರೇಷ್ಮೆ ಸೀರೆ ನೇಯುವ ಈ ಹೆಂಗಸು ಹಳ್ಳಿ ನಾಟಕಗಳಲ್ಲಿ ರಾಣಿಯಾಗಿ ಹಾಡುತ್ತಿದ್ದಳು. ಊರ ಗಂಡಸರು ಕಟ್ಟುವ ನಾಟಕಕ್ಕೆ ಹೆಣ್ಣು ಪಾತ್ರದವಳನ್ನು ಹೊರಗಿನಿಂದ ಕರೆಸುವುದು ನಮ್ಮ ಕಡೆಯ ವಾಡಿಕೆ. ಕೇರಿಯವರು ಮೂಗು ಮುರಿದರೆ, ಅದನ್ನು ನೆಟ್ಟಗೆ ಮಾಡುವ ಕೆಲಸ ತನ್ನದಲ್ಲ ಎನ್ನುತ್ತಿದ್ದಳು.

ತೊಂಬತ್ತಾರರ ಬೇಸಿಗೆಯ ಒಂದು ಶನಿವಾರ ಪರಶುರಾಂಪುರದಲ್ಲಿ ರಾತ್ರಿಯಿಡೀ ನಾಟಕವಿತ್ತು. ನಮ್ಮ ಸೀರೆ ಅಂಗಡಿಯ ವ್ಯಾನು ಚಳ್ಳಕೆರೆ ಮೇಲೆ ಆ ಕಡೆಗೇ ಹೊರಟಿತ್ತು, ಮಾಲಿನ ಜೊತೆ ನಾನಿದ್ದೆ, ಅವಳೂ ಹತ್ತಿದಳು. ಡ್ರೈವರ್ ಬಾಲರಾಜ್ ಚಿತ್ರದುರ್ಗ ಆಕಾಶವಾಣಿ ಹಾಕಿದ್ದ. ಕೊಂಡ್ಲಹಳ್ಳಿ ಹತ್ತಿರ ಹಾಡಿನ ನಡುವೆಯೇ ಅನಂತಪುರದ ತೆಲುಗು ನುಗ್ಗಿತು. ಉಳಿದ ಚರಣವನ್ನು ವನಜಾಕ್ಷಿ ತಾನೇ ಹಾಡಿ ಮುಗಿಸಿದಳು. ನಡುವೆ ರೇಡಿಯೊ ತಿರುಗಿಸಲು ಹೋದ ಬಾಲರಾಜನ ಕೈಗೆ ಒಂದು ಏಟು ಬಿತ್ತು.

ಪರಶುರಾಂಪುರದಲ್ಲಿ ಹಾರ್ಮೋನಿಯಂ ಮೇಷ್ಟ್ರು ಯರ್ರಪ್ಪ ಮೆತ್ತಗೆ ಸುದ್ದಿ ಮುಟ್ಟಿಸಿದರು: ಕೊನೆಯಲ್ಲಿ ಸತ್ತ ರಾಜನ ಪಕ್ಕ ಕೂತು ರಾಣಿ ಹಾಡುವ ಹಾಡಿಗೆ ಹೊತ್ತು ಸಾಲದೆ ಹೋಗಬಹುದು. ರಾಜ ಎಂದರೆ ಕುರಿ ಸಾಹುಕಾರ ಮೂಡಲಗಿರಿಯಪ್ಪ. ಹೆಚ್ಚು ಚಂದಾ ಹಾಕಿದವನಿಗೇ ಕಿರೀಟ. ಸತ್ತ ಮೇಲೂ ಜನ ‘ಒನ್ಸ್ ಮೋರ್’ ಎಂದರೆ ಎದ್ದು ಹಾಡುವುದು ಪದ್ಧತಿ. ಹಾಗೆ ಕೂಗುವ ಜನ ಅವನ ನೆಂಟರೇ.

ವನಜಾಕ್ಷಿ ಬಂದದ್ದೇ ಆ ಒಂದು ಹಾಡಿಗಾಗಿ. “ಸೆರಗಿಲ್ಲದ ಸೀರೆ ನೇಯ್ದು ಕೊಟ್ರೆ ಅಂಗಡಿಯೋರು ತಗಂತಾರೇನ್ರಿ ಮೇಷ್ಟ್ರೇ?” ಎಂದಳು. ಮೇಷ್ಟ್ರು ಹಾರ್ಮೋನಿಯಂ ಒರೆಸತೊಡಗಿದರು.

ಬೆಳಕು ಹರಿಯುವಾಗ ರಾಜ ಸತ್ತ. ನೆಂಟರು ಕೂಗಿದರು, ಎದ್ದು ಹಾಡಿ ಮತ್ತೆ ಸತ್ತ. ಮತ್ತೆ ಕೂಗು, ಮತ್ತೆ ಜೀವ. ಸಾಯುವುದರಲ್ಲಿ ಇಷ್ಟು ಹುಮ್ಮಸ್ಸಿನ ಮನುಷ್ಯನನ್ನು ಚಳ್ಳಕೆರೆ ಸೀಮೆ ಕಂಡಿರಲಿಲ್ಲ. ಬೇಸತ್ತವರು ಚಾಪೆ ಸುತ್ತಿದರು. ಮೇಷ್ಟ್ರು ಪರದೆ ಎಳೆಯುವವನಿಗೆ ಕಣ್ಸನ್ನೆ ಮಾಡಿದರು.

ರಾಜ ಇನ್ನೊಮ್ಮೆ ಬಿದ್ದದ್ದೇ ತಡ, ವನಜಾಕ್ಷಿ ಓಡಿ ಬಂದು ಕುಸಿದು ಕೂತಳು. ಕೂತದ್ದು ಅವನ ಕುತ್ತಿಗೆಗೆ ಕಟ್ಟಿದ್ದ ಮಖಮಲ್ ಶಾಲಿನ ಮೇಲೆ. ನೆಂಟರ ಕೂಗಿಗೆ ರಾಜ ಏಳಲು ನೋಡಿದ, ಕುತ್ತಿಗೆ ಜಗ್ಗಿತು.

“ಶಾಲು ಬಿಡವ್ವ, ಜನ ಕರೀತೈತೆ,” ಎಂದ ಪಿಸುದನಿಯಲ್ಲಿ.

“ಸತ್ತೋರು ಮಾತಾಡಂಗಿಲ್ಲ ಸಾವ್ಕಾರ್ರೆ. ಸುಮ್ಕೆ ಮಲಗ್ರಿ.”

ತಲೆಯ ಮೇಲೆಯೇ ಮೈಕು ತೂಗುತ್ತಿತ್ತು. ಊರಿಗೆ ಊರೇ ನಕ್ಕಿತು, ಸುತ್ತಿದ ಚಾಪೆ ಮತ್ತೆ ಬಿಚ್ಚಿಕೊಂಡಿತು. ಹಾರ್ಮೋನಿಯಂ ಬಾಯಿ ಬಿಡಲಿಲ್ಲ. ಅವಳು ಹಾಗೆಯೇ ಶುರು ಮಾಡಿದಳು. ಎರಡನೆಯ ಚರಣದ ಹೊತ್ತಿಗೆ ಮೇಷ್ಟ್ರ ಬೆರಳುಗಳು ತಾವಾಗಿ ಅವಳ ದನಿಯ ಹಿಂದೆ ಬಂದವು. ಮುಗಿದಾಗ ಊರೆಲ್ಲ ‘ಒನ್ಸ್ ಮೋರ್’ ಎಂದಿತು. ಒಮ್ಮೆ ಪೂರ್ತಿ ಹಾಡಿದ ಹಾಡು ಸಾಕು ಎಂಬಂತೆ ಅವಳು ಸೀರೆ ಕೊಡವಿಕೊಂಡು ಒಳಗೆ ನಡೆದಳು.

ಇನ್ನು ನಿನ್ನನ್ನು ಈ ಊರಿಗೆ ಕರೆಸುವುದಿಲ್ಲವೆಂದು ಸಾಹುಕಾರನ ಕಡೆಯವರು ಹೇಳಿದರು. ಮಗ್ಗ ಮನೆಯಲ್ಲೇ ಇದೆ, ಎಲ್ಲಿಗೂ ಹೋಗಿಲ್ಲ ಎಂದು ಹೇಳಿ ವ್ಯಾನು ಹತ್ತಿದಳು.

ಭಾನುವಾರ ಬೆಳಿಗ್ಗೆ, ಕೊಂಡ್ಲಹಳ್ಳಿ ಹತ್ತಿರ ಹಾಡಿನ ಅರ್ಧಕ್ಕೆ ರೇಡಿಯೊ ಮತ್ತೆ ಕೈಕೊಟ್ಟಿತು. ಈ ಸಲ ಬಾಲರಾಜ್ ತಾನೇ ಅದನ್ನು ಆರಿಸಿ ಕಾದ. ರಾತ್ರಿಯೆಲ್ಲ ಹಾಡಿ ದನಿ ಒಡೆದಿದ್ದರೂ ಅವಳು ಹಾಡಿ ಮುಗಿಸಿದಳು.

ಆ ಉಳಿದ ಅರ್ಧ ಹಾಡಿಗೆ ನಾನು ವನಜಾಕ್ಷಿಗೆ ಋಣಿ.