ಸ್ವಲ್ಪ ಸರೀರಿ

ಜರ್ಸಿ ಸಿಟಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಧಾರವಾಡದ ಆಂಟಿಯನ್ನು ಭಾನುವಾರ ಬೆಳಿಗ್ಗೆ ಡಿಮ್ ಸಮ್ ಎಂಬ ಚೀನೀ ಕಡುಬು ತಿನ್ನಲು ಕರೆದೊಯ್ಯುವುದೆಂದರೆ ನನಗೆ ತಲೆನೋವು. ಚೈನೀಸ್ ಹೋಟೆಲಿನ ದುಂಡು ಮೇಜಿಗೆ ಕೂತ ಕೂಡಲೇ, ಬಾಗಿಲಲ್ಲಿ ಕಾಯುತ್ತಿದ್ದ ಅಪರಿಚಿತರನ್ನು ಆಂಟಿ ಕೈಬೀಸಿ ಕರೆಯುತ್ತಿದ್ದರು. ನಮಗೆ, “ಸ್ವಲ್ಪ ಸರೀರಿ, ಅವರೂ ಕೂಡ್ಲಿ” ಅನ್ನುತ್ತಿದ್ದರು. ನಾನು ಆರಿಸಿಕೊಂಡ ಬಿಸಿ ಕಡುಬಿನ ಬುಟ್ಟಿ ಮೊದಲು ಆ ಅಪರಿಚಿತರ ಮುಂದೆ ಹೋಗುತ್ತಿತ್ತು.

ನಾವು ಟೆಕ್ಸಸ್‌ಗೆ ಹೋಗುತ್ತಿರುವುದನ್ನು ಹೇಳಲೆಂದೇ ಒಂದು ಭಾನುವಾರ ಅವರನ್ನು ಕರೆದೊಯ್ದೆವು. ಆವತ್ತೂ ಒಬ್ಬ ಚೀನೀ ಅಜ್ಜಿಯನ್ನು ಕರೆದು ಕೂರಿಸಿ, ಚಹಾ ಬಗ್ಗಿಸಿಕೊಟ್ಟರು. ನನಗೆ ರೇಗಿತು.

“ಆಂಟಿ, ಇವತ್ತೊಂದಿನ ನಾವು ನಾವೇ ಕೂರಬಹುದಿತ್ತು. ನಿಮಗೊಂದು ವಿಷಯ ಹೇಳ್ಬೇಕಿತ್ತು.”

“ಊರು ಬಿಡ್ಲಿಕ್ಕತ್ತೀರಿ, ಗೊತ್ತದ,” ಎಂದರು, ಅಜ್ಜಿಯ ತಟ್ಟೆಗೆ ಕಡುಬು ಹಾಕುತ್ತಾ. “ನೀವು ಹೋದಮ್ಯಾಲ ನನ್ನ ಜೋಡಿ ಯಾರರ ಕೂಡಬೇಕಲ್ಲ. ಅದಕ್ಕ ಇವ್ರನ್ನ ಕರದೆ.”